ಕಠಾರಿ ಕಳಚಿದ ವರ

ಯೋಗ್ಯಕರ್ತದಲ್ಲಿ ಸಹೋದ್ಯೋಗಿಯೊಬ್ಬರ ತಮ್ಮನ ಮದುವೆಗೆ ಹೋದೆನು. ಅಲ್ಲಿ ಪರದೇಶದವನು ನಾನೊಬ್ಬನೇ. ಆದರೆ ದ್ವಾರದ ಎಳೆಯ ತೆಂಗಿನಗರಿಗಳನ್ನೂ, ವಧೂವರರು ಪರಸ್ಪರ ಎಸೆದ ವೀಳ್ಯದ ಸುರುಳಿಗಳನ್ನೂ ಕಂಡಾಗ ಕಾಸರಗೋಡಿನ ನಮ್ಮಂಗಳವೇ ನೆನಪಾಯಿತು. ವರನು ಮೊಟ್ಟೆಯನ್ನು ಮೆಟ್ಟಿ ಒಡೆದನು. ವಧು ಅವನ ಪಾದ ತೊಳೆದಳು. ಇದು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಬಳಿಕ 'ಸುಂಗ್ಕೆಮಾನ್', ಹಿರಿಯರಿಗೆ ನಮಿಸುವ ವಿಧಿ. ಅದಕ್ಕೆ ಮುನ್ನ ವರನ ಬೆನ್ನಹಿಂದೆ ಸಿಕ್ಕಿಸಿದ್ದ 'ಕ್ರಿಸ್' ಕಠಾರಿಯನ್ನು ತೆಗೆದಿರಿಸಿದರು. ಆಯುಧ ಧರಿಸಿ ಹೆತ್ತವರಿಗೆ ಬಾಗಕೂಡದಂತೆ. ಅವನು ತಂದೆಯ ಮೊಣಕಾಲಿಗೆ ಹಣೆಯಿಟ್ಟು ಏನನ್ನೋ ಪಿಸುಗುಟ್ಟಿದನು. ತಂದೆ ಅತ್ತರು.

ಊರು ಬಿಟ್ಟ ದಿನ ಮುನಿಸಿನಿಂದ ಅಪ್ಪನಿಗೆ ನಮಸ್ಕರಿಸದೆಯೇ ಹೊರಟವನು ನಾನು. ಊಟಕ್ಕೆ ಕರೆದರು. ನಾನು ಹೊರಬಂದು ಮನೆಗೆ ಫೋನ್ ಮಾಡಿದೆನು. ಅಮ್ಮ ಎತ್ತಿಕೊಂಡಳು.

"ಅಪ್ಪನಿಗೆ ಕೊಡು" ಎಂದೆನು.