ಹಡಗಿನ ತವರು

ಮೊಮ್ಮಗನ ಶಾಲೆಯ ಫಾರಂನಲ್ಲಿ ‘ಸ್ವಂತ ಊರು’ ಅಂತ ಒಂದು ಕಾಲಂ. ಅವನು ಹೈದರಾಬಾದ್ ಎಂದು ಬರೆದಿದ್ದ. ನಾನು ಹೊಡೆದುಹಾಕಿ ರಾಯಚೂರು ಎಂದು ಬರೆದೆ.

“ಅಜ್ಜಾ, ಅಲ್ಲಿ ನಮ್ದು ಏನೈತಿ?”

ಅಲ್ಲಿಯ ಮನೆ ಮಾರಿ ಹನ್ನೊಂದು ವರ್ಷವಾಯಿತು. ಉತ್ತರ ಹೊಳೀಲಿಲ್ಲ. ಸಂಜೆ ಹುಸೇನ್ ಸಾಗರದ ದಂಡೆಗೆ ಕರಕೊಂಡು ಹೋದೆ. ದೋಣಿ ನೋಡುತ್ತ ಕೂತಾಗ ನನ್ನ ಹಳೇ ಚಾಳಿ ಶುರುವಾಯಿತು: ಗಾಲಿ ಹಡಗಿನ ಪುರಾಣ.

ಪಕ್ಕದಲ್ಲಿ ದೊಡ್ಡ ಗಾಲಿ, ಗಾಲಿಗೆ ಹಲಗೆ. ಗಾಲಿ ತಿರುಗಿದರೆ ಹಲಗೆ ನೀರನ್ನು ಹಿಂದಕ್ಕೆ ನೂಕುತ್ತದೆ. ಆಳವಿಲ್ಲದ ಹೊಳೆಗೆ ಹೇಳಿ ಮಾಡಿಸಿದ್ದು. ಉಳಿದಿರುವ ಇಂಥ ಪ್ಯಾಡಲ್ ಸ್ಟೀಮರುಗಳ ಮೂಲ ಹುಡುಕುವ ಹುಚ್ಚು ನನಗೆ ನಿವೃತ್ತಿಯಾದ ಮೇಲೆ ಹತ್ತಿತು. ಲೆಕ್ಕ ತಾಳೆಯಾಗದಿದ್ದರೆ ಓಪನಿಂಗ್ ಬ್ಯಾಲೆನ್ಸಿಗೆ ಹೋಗು ಅನ್ನೋದು ಬ್ಯಾಂಕಿನಲ್ಲಿ ಕಲಿತ ಪಾಠ ನೋಡಿ!

ಕೋಲ್ಕತ್ತದ ‘ಭೋಪಾಲ್’ ಹಡಗು 1940ರ ದಶಕದಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ, ಡೆನ್ನಿ ಕಂಪನಿಯಲ್ಲಿ ಹುಟ್ಟಿದ್ದು. ಹೆಸರು ನಮ್ಮ ಸಂಸ್ಥಾನದ್ದು, ತವರು ಕ್ಲೈಡ್ ನದಿ. ನಿಜಾಮರ ರೈಲ್ವೆ 1932ರಲ್ಲಿ ಬಸ್ಸು ಓಡಿಸಿತಲ್ಲ, ಆ ಆಲ್ಬಿಯನ್ ಬಸ್ಸೂ ಅದೇ ನದಿ ದಂಡೆಯ ಗ್ಲಾಸ್ಗೋದ್ದೇ. ಡೆನ್ನಿಯವರು ಬರ್ಮಾದ ಇರಾವತಿಗೆ ಕಳಿಸಿದ ಹಡಗುಗಳದ್ದು ಇನ್ನೂ ಗೋಜಲು. ಅಲ್ಲಿ ಬೋಲ್ಟ್ ಹಾಕಿ ಜೋಡಿಸಿ, ಬಿಡಿಭಾಗಕ್ಕೆಲ್ಲ ಗುರುತು ಹಾಕಿ, ಬಿಚ್ಚಿ ಸಾಗಿಸಿ, ಇಲ್ಲಿಗೆ ಬಂದಮೇಲೆ ರಿವೆಟ್ ಹೊಡೆದು ಮತ್ತೆ ಕಟ್ಟುತ್ತಿದ್ದರು. ಹುಟ್ಟಿದ್ದೆಲ್ಲಿ ಅಂತ ಬರೆಯೋದು?

ಇನ್ನು ‘ಮಹ್ಸೂದ್’, ‘ಆಸ್ಟ್ರಿಚ್’. ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ 1920ರ ದಶಕದ ಕೊನೆಗೆ ಕಟ್ಟಿದವು. ಢಾಕಾದಿಂದ ಖುಲ್ನಾಕ್ಕೆ ಓಡುತ್ತಿದ್ದ ಇವನ್ನು ಜನ ‘ರಾಕೆಟ್’ ಎಂದು ಕರೆದರು. 1947ರಲ್ಲಿ ಹಡಗು ಪೂರ್ವ ಪಾಕಿಸ್ತಾನದ್ದಾಯಿತು, 1971ರಲ್ಲಿ ಬಾಂಗ್ಲಾದೇಶದ್ದು. ಓಡಿದ್ದು ಮಾತ್ರ ಅದೇ ಹೊಳೆಗಳಲ್ಲಿ.

“ಹಡಗು ಎಲ್ಲೂ ಹೋಗ್ಲಿಲ್ಲ, ದೇಶಾನೇ ಬದಲಾತಾ?” ಎಂದ ಹುಡುಗ.

“ನಮ್ಮಪ್ಪಂದೂ ಅದೇ ಕಥೆ” ಎಂದೆ. ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿತ್ತು. 1956ರ ನವೆಂಬರ್ 1ಕ್ಕೆ ಅಪ್ಪ ಕಟ್ಟೆಯ ಮೇಲೆ ಕೂತಲ್ಲೇ ಮೈಸೂರು ರಾಜ್ಯದವರಾದರು. ಉರ್ದುವಿನಲ್ಲಿರುವ ಅವರ ಶಾಲೆಯ ಸರ್ಟಿಫಿಕೇಟು ಇಂದಿಗೂ ನನ್ನ ಟ್ರಂಕಿನಲ್ಲಿದೆ.

“ಅಂದ್ರ ಮುತ್ತಜ್ಜನೂ ಹೈದರಾಬಾದಿನವರೇ! ನಾ ಬರೆದಿದ್ದು ಯಾಕೆ ಹೊಡೆದಿ?”

ಏನು ಹೇಳಲಿ? ಮನೆಗೆ ಬಂದು ರಾಯಚೂರಿನ ಪಕ್ಕ ಅವನ ಹೈದರಾಬಾದನ್ನೂ ಮತ್ತೆ ಬರೆದೆ. ಹೊಡೆದುಹಾಕಿದ ಕಡೆ ಬ್ಯಾಂಕಿನ ರೂಢಿಯಂತೆ ಒಂದು ಚಿಕ್ಕ ಸಹಿ ಮಾಡಿದೆ.