ಓಟದ ಪಾಠಶಾಲೆ

ಓಡುವುದನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾಗಿಲ್ಲವೆಂಬುದು ಬಹುಕಾಲದ ನಂಬಿಕೆ. ಅಂಬೆಗಾಲಿಕ್ಕುವ ಕೂಸು ಎದ್ದು ನಿಂತ ಕೆಲವೇ ತಿಂಗಳಲ್ಲಿ ಅಂಗಳದ ತುಂಬ ಓಡಾಡಿ ತಾಯಿಯನ್ನು ದಣಿಸುತ್ತದೆ. ಹೊರಟುನಿಂತ ಬಸ್ಸಿನ ಬೆನ್ನು ಹತ್ತುವ ಗುಮಾಸ್ತನಾಗಲಿ, ಮಳೆಯ ಮೊದಲ ಹನಿ ಬಿದ್ದೊಡನೆ ಒಣಹಾಕಿದ ಹಪ್ಪಳದತ್ತ ಧಾವಿಸುವ ಗೃಹಿಣಿಯಾಗಲಿ ಯಾವ ಗುರುವಿನ ಬಳಿಯೂ ಪಾಠ ಹೇಳಿಸಿಕೊಂಡವರಲ್ಲ. ಹೀಗಿರುವಾಗ, ಹಣ ತೆತ್ತು, ಬೆಳಗಿನ ಸವಿನಿದ್ದೆಯನ್ನು ತೊರೆದು, ಓಡುವುದನ್ನು ಕಲಿಯಲೆಂದೇ ತರಗತಿಗೆ ಸೇರುವವರನ್ನು ಕಂಡು ನೆರೆಹೊರೆಯವರು ನಕ್ಕರೆ ಅದನ್ನು ತಪ್ಪೆನ್ನಲಾಗದು.

ಆದರೂ ಬೆಂಗಳೂರಿನಲ್ಲಿ ಇಂಥ ತರಗತಿಗಳಿಗೆ ಇಂದು ಕೊರತೆಯಿಲ್ಲ. 2008ರಲ್ಲಿ ಈ ನಗರದಲ್ಲಿ ಹತ್ತು ಕಿಲೋಮೀಟರುಗಳ ದೊಡ್ಡ ಓಟದ ಸ್ಪರ್ಧೆಯೊಂದು ಆರಂಭವಾಗಿ, ಅದುವರೆಗೆ ಬೀದಿಯಲ್ಲಿ ಓಡಲು ನಾಚುತ್ತಿದ್ದ ಸಾವಿರಾರು ಮಂದಿಯ ಸಂಕೋಚವನ್ನು ಕಳೆಯಿತು. ಕಬ್ಬನ್ ಉದ್ಯಾನದ ಹಳೆಯ ಮರಗಳ ಕೆಳಗೆ, ಕತ್ತಲು ಪೂರ್ತಿ ಹರಿಯುವ ಮುನ್ನವೇ, ಬಣ್ಣಬಣ್ಣದ ಅಂಗಿ ತೊಟ್ಟ ಗುಂಪುಗಳು ಕೈಕಾಲು ಬೀಸುತ್ತ ನಿಂತಿರುವುದನ್ನು ಈಗ ಯಾರು ಬೇಕಾದರೂ ಕಾಣಬಹುದು.

ಇಂಥ ಗುಂಪನ್ನು ಹೊಸದಾಗಿ ಸೇರುವವನು ಸಾಮಾನ್ಯವಾಗಿ ನಲವತ್ತರ ಆಸುಪಾಸಿನವನು. ಒಂದೆರಡು ವರ್ಷ ಒಬ್ಬನೇ ಓಡಿ, ತನ್ನ ಬಡಾವಣೆಯ ಮಟ್ಟಿಗೆ ವಾಯುಪುತ್ರನೆಂಬ ಹೆಸರನ್ನೂ ಗಳಿಸಿರುತ್ತಾನೆ. ಅವನ ಕೊರಗು ಒಂದೇ: ಕಳೆದ ಯುಗಾದಿಗೆ ಎಷ್ಟು ಹೊತ್ತಿನಲ್ಲಿ ಐದು ಕಿಲೋಮೀಟರು ಓಡುತ್ತಿದ್ದನೋ, ಈ ಯುಗಾದಿಗೂ ಅಷ್ಟೇ ಹೊತ್ತು. ಕೈಗಡಿಯಾರ ಮುಖಸ್ತುತಿಯನ್ನರಿಯದು. ಕಡೆಗೆ ಒಂದು ದಿನ ಧೈರ್ಯಮಾಡಿ ತರಗತಿಗೆ ಬರುತ್ತಾನೆ; ತನ್ನ ಅಷ್ಟಿಷ್ಟು ಸಾಮರ್ಥ್ಯವನ್ನು ಕಂಡು ನಾಲ್ಕು ಜನ ಹುಬ್ಬೇರಿಸಬಹುದೆಂಬ ಗುಪ್ತವಾದ ಆಸೆಯೂ ಅವನೊಡನೆ ಬರುತ್ತದೆ.

ಮೊದಲ ದಿನದ ಪಾಠ ಕೇಳುವುದಕ್ಕೆ ಬಲು ಸುಲಭ. ನಾನೂರು ಮೀಟರಿನ ಪಥದಲ್ಲಿ ಎಂಟು ಸುತ್ತು. ಸುತ್ತಿಗೂ ಸುತ್ತಿಗೂ ನಡುವೆ ಎರಡು ನಿಮಿಷದ ನಡಿಗೆ. ಎಂಟನೆಯ ಸುತ್ತಿಗೆ ಹಿಡಿದ ಕಾಲ ಮೊದಲನೆಯದಕ್ಕೆ ಸಮನಾಗಿರಬೇಕೆಂಬುದೊಂದೇ ನಿಯಮ. ಹೊಸಬ ಮೊದಲ ಸುತ್ತನ್ನು ಬಿಟ್ಟ ಬಾಣದಂತೆ ಓಡಿ, ಒಂದು ನಿಮಿಷ ಮೂವತ್ತೆಂಟು ಸೆಕೆಂಡಿನಲ್ಲಿ ಮುಗಿಸಿ, ಹಿಂದಿರುಗಿ ನೋಡುತ್ತಾನೆ. ಉಳಿದವರು ನಿಧಾನವಾಗಿ ಮಾತಿಲ್ಲದೆ ಬರುತ್ತಿರುತ್ತಾರೆ. ಮೂರನೆಯ ಸುತ್ತಿಗೆ ಅವರು ಅವನ ಪಕ್ಕದಲ್ಲಿರುತ್ತಾರೆ, ಐದನೆಯದಕ್ಕೆ ಮುಂದೆ. ಆರನೆಯದರಲ್ಲಿ ಬ್ಯಾಂಕಿನಿಂದ ನಿವೃತ್ತರಾದ, ತಲೆ ನರೆತ ಹೆಂಗಸೊಬ್ಬರು ಅವನನ್ನು ದಾಟಿಹೋಗುತ್ತ, "ಬನ್ನಿ ಸರ್, ಇನ್ನೆರಡೇ ಸುತ್ತು" ಎನ್ನುತ್ತಾರೆ. ಅದರಲ್ಲಿ ಕುಹಕದ ಎಳೆಯೂ ಇಲ್ಲದಿರುವುದೇ ಅವನಿಗೆ ಹೆಚ್ಚು ನೋವಿನ ಸಂಗತಿ. ಏಳನೆಯ ಸುತ್ತಿಗೆ ಮುನ್ನ ಬೂಟಿನ ದಾರ, ಬಿಚ್ಚಿಲ್ಲದಿದ್ದರೂ, ಮತ್ತೆ ಕಟ್ಟಿಸಿಕೊಳ್ಳುತ್ತದೆ.

ಎಲ್ಲ ಮುಗಿದು ಅವನು ಮೊಣಕಾಲ ಮೇಲೆ ಕೈಯೂರಿ ನಿಂತಾಗ ತರಬೇತುದಾರ ಬಂದು ಹೇಳುವುದು ಇಷ್ಟೇ: "ಮೊದಲನೆಯ ಸುತ್ತು ಎಲ್ಲರೂ ಓಡುತ್ತಾರೆ ಸರ್. ನೀವು ನನಗೆ ಎಂಟನೆಯದನ್ನು ತೋರಿಸಿ."

ಮರುದಿನಕ್ಕಿಂತ ಅದರ ಮಾರನೆಯ ದಿನ ಕಷ್ಟ. ತೊಡೆ, ಮೀನಖಂಡಗಳು ಮೆಟ್ಟಿಲಿಳಿಯುವಾಗ ಮುಷ್ಕರ ಹೂಡುತ್ತವೆ. ಈ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಹಿಂದೆ ಹೇಳುತ್ತಿದ್ದರು. ಆದರೆ ಅದು ಓಟ ನಿಂತ ಒಂದೆರಡು ಗಂಟೆಗಳಲ್ಲಿಯೇ ರಕ್ತದಿಂದ ಕಳೆದುಹೋಗುತ್ತದೆ. ಅಭ್ಯಾಸವಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಿಗಾದ ಸೂಕ್ಷ್ಮ ಹಾನಿಯೂ, ಶರೀರ ಅದನ್ನು ದುರಸ್ತಿ ಮಾಡಿಕೊಳ್ಳುವ ಕ್ರಮವೂ ಈ ನೋವಿನ ಮೂಲ. ದುರಸ್ತಿಯಾದ ಸ್ನಾಯು ಮುಂದಿನ ಸಲ ಅಷ್ಟೇ ಶ್ರಮಕ್ಕೆ ಅಷ್ಟು ನರಳುವುದಿಲ್ಲ.

ಓಡಿ, ತುಸು ವಿರಮಿಸಿ, ಮತ್ತೆ ಓಡುವ ಈ ಪದ್ಧತಿಗೆ ದೊಡ್ಡ ಪರಂಪರೆಯೇ ಇದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಐದು ಸಾವಿರ ಮೀಟರು, ಹತ್ತು ಸಾವಿರ ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದ ಜೆಕೊಸ್ಲೊವಾಕಿಯದ ಎಮಿಲ್ ಝಾಟೊಪೆಕ್ ಇದೇ ಹಾದಿಯವನು. ಇಂಗ್ಲೆಂಡಿನ ವೈದ್ಯವಿದ್ಯಾರ್ಥಿ ರೋಜರ್ ಬ್ಯಾನಿಸ್ಟರ್ ತನ್ನ ಗೆಳೆಯರೊಡನೆ ಕಾಲು ಮೈಲಿಯನ್ನು ಹತ್ತು ಸಲ, ನಡುವೆ ಎರಡೆರಡು ನಿಮಿಷ ಬಿಟ್ಟು ಓಡುತ್ತಿದ್ದ. ಮೊದಲು 66 ಸೆಕೆಂಡು ಹಿಡಿಯುತ್ತಿದ್ದದ್ದು 1954ರ ಏಪ್ರಿಲಿಗೆ 61ಕ್ಕೆ ಇಳಿದು, ಅಲ್ಲಿಯೇ ನಿಂತುಬಿಟ್ಟಿತು. ಇನ್ನಷ್ಟು ಓಡುವ ಬದಲು ಅವನು ಜೊತೆಗಾರ ಬ್ರಾಷರನೊಡನೆ ಸ್ಕಾಟ್ಲೆಂಡಿಗೆ ಹೋಗಿ ಬಂಡೆ ಹತ್ತಿ ಬಂದ. ಹಿಂದಿರುಗಿ ಓಡಿದಾಗ 59 ಸೆಕೆಂಡು! ಆ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿ, ನಾಲ್ಕು ನಿಮಿಷದ ಗೋಡೆಯನ್ನು ಒಡೆದವರಲ್ಲಿ ಮೊದಲಿಗನಾದ. ಮೊದಲೆರಡು ಸುತ್ತು ಬ್ರಾಷರ್, ಆ ಬಳಿಕ ಚಾಟವೇ ಮುಂದೆ ಓಡಿ ಅವನ ವೇಗವನ್ನು ಕಾಯ್ದಿದ್ದರು. ದಾಖಲೆ ಒಬ್ಬನ ಹೆಸರಿನಲ್ಲಿದೆ, ಓಡಿದವರು ಮೂವರು.

ಗುಂಪಿನ ಗುಣ ಇಲ್ಲಿಯೇ ಇರುವುದು. ಒಬ್ಬನೇ ಓಡುವವನು ತನ್ನೊಡನೆ ತಾನೇ ಚೌಕಾಶಿ ಮಾಡಿಕೊಳ್ಳುತ್ತಾನೆ. ಇಂದು ಸೆಕೆ, ನಾಳೆ ಮಂಜು, ನಾಡಿದ್ದು ಹಬ್ಬ. ಕಷ್ಟದ ದಿನ ಅವನು ಅಷ್ಟೇನೂ ಕಷ್ಟಪಡುವುದಿಲ್ಲ. ಸುಲಭದ ದಿನ ಜಂಬಕ್ಕೆ ಬಿದ್ದು ತುಸು ಜೋರಾಗಿಯೇ ಓಡುತ್ತಾನೆ. ಹೀಗಾಗಿ ಎಲ್ಲ ದಿನವೂ ಒಂದೇ ದಿನವಾಗಿ, ವೇಗ ನಿಂತಲ್ಲಿಯೇ ನಿಲ್ಲುತ್ತದೆ. ಗುಂಪು ಎರಡೂ ಕಡೆಗೂ ಕಡಿವಾಣ ಹಾಕುತ್ತದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್ ಎಂಬ ಬೂಟು ಕಾರ್ಖಾನೆಯ ನೌಕರ ಆಕ್ಲೆಂಡಿನ ತನ್ನ ಸುತ್ತಮುತ್ತಲಿನ ಹುಡುಗರನ್ನು ಕೂಡಿಸಿಕೊಂಡು ಬೆಟ್ಟದ ದಾರಿಯಲ್ಲಿ 22 ಮೈಲಿ ಓಡಿಸುತ್ತಿದ್ದ. ದೂರದ ಓಟದಲ್ಲಿ ಪಕ್ಕದವನೊಡನೆ ಮಾತನಾಡುವಷ್ಟು ಉಸಿರು ಉಳಿದಿರಬೇಕೆಂಬುದು ಅವನ ಪಾಠ. 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸಿನಲ್ಲಿ ಅವನ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ ಒಂದೇ ದಿನ ಎರಡು ಚಿನ್ನದ ಪದಕ ಗೆದ್ದರು.

ಭಾನುವಾರದ ನಿಧಾನದ ಓಟದಲ್ಲಿ ಹೊಸಬನಿಗೆ ಈ ಪಾಠ ಅರ್ಥವಾಗತೊಡಗುತ್ತದೆ. ನಿವೃತ್ತರಾದ ಆ ಅಮ್ಮ ಪಕ್ಕದಲ್ಲಿ ಓಡುತ್ತ, ಮೊಮ್ಮಗಳ ಪರೀಕ್ಷೆಯ ವಿಷಯವನ್ನೂ ಸೊಪ್ಪಿನ ದರವನ್ನೂ ಹೇಳುತ್ತಾರೆ. ತಾವು ಮೊದಲ ಆರು ತಿಂಗಳು ಎಲ್ಲರಿಗಿಂತ ಹಿಂದಿದ್ದುದನ್ನು ಮೂರನೆಯವರ ಸಂಗತಿಯೆಂಬಂತೆ ತಿಳಿಸುತ್ತಾರೆ. "ಯಾರಾದರೂ ಕಡೆಯವರು ಇರಲೇಬೇಕಲ್ಲ ಸರ್. ಆಗ ನಾನಿದ್ದೆ" ಎನ್ನುತ್ತಾರೆ.

ಆರಂಭಶೂರರ ಸಂಖ್ಯೆ ಇಂಥ ಕಡೆ ದೊಡ್ಡದು. ನಾಲ್ಕನೆಯ ವಾರಕ್ಕೆ ಹೊಸಬರಲ್ಲಿ ಹಲವರು ಕಾಣೆಯಾಗುತ್ತಾರೆ. ಅವರೆಲ್ಲ ಕಾಲುನೋವಿನಿಂದ ಬಿಟ್ಟವರಲ್ಲ, ಕಾಲುನೋವಿಗೆ ಮದ್ದುಂಟು. ಬಡಾವಣೆಯಲ್ಲಿ ಮೊದಲಿಗನಾಗಿದ್ದವನಿಗೆ ಇಲ್ಲಿ ಕೊನೆಯವನಾಗಿ ಓಡುವುದು, ಅದೂ ಹೆಂಗಸರು ಮುದುಕರ ಕಣ್ಣೆದುರಿಗೆ, ಸಹಿಸಲಾರದ ಸಂಗತಿ. ನಲವತ್ತು ವರ್ಷ ಉದ್ಯೋಗ, ಮನೆ, ಮಾನಗಳನ್ನು ಕಟ್ಟಿಕೊಂಡು ಬಂದವನು ಮತ್ತೆ ಒಂದನೆಯ ತರಗತಿಯ ಮಣೆಯ ಮೇಲೆ ಕೂರಬಲ್ಲನೇ ಎಂಬುದು ಅಲ್ಲಿ ನಡೆಯುವ ನಿಜವಾದ ಪರೀಕ್ಷೆ.

ಉಳಿದುಕೊಂಡವನು ಎರಡು ಮೂರು ತಿಂಗಳ ಬಳಿಕ ಒಂದು ಬೆಳಗ್ಗೆ ಎಂಟು ಸುತ್ತನ್ನೂ ಒಂದು ನಿಮಿಷ ಐವತ್ತು ಸೆಕೆಂಡಿನ ಆಚೀಚೆ ಮುಗಿಸುತ್ತಾನೆ. ಅಂದೂ ಗುಂಪಿನಲ್ಲಿ ಅವನೇ ಕೊನೆಯವನಿರಬಹುದು. ತರಬೇತುದಾರ ಪುಸ್ತಕದಲ್ಲಿ ಎಂಟು ಅಂಕಿಗಳನ್ನು ಬರೆದುಕೊಂಡು, ತಲೆಯಾಡಿಸಿ, ಮುಂದಿನ ವಾರ ಹತ್ತು ಸುತ್ತು ಎಂದು ಹೇಳಿ ಹೊರಡುತ್ತಾನೆ. ಹೊಸಬ ಬೂಟಿನ ದಾರ ಸಡಿಲಿಸಿ, ಎಲ್ಲರೊಡನೆ ಕಾಫಿಗೆ ನಡೆಯುತ್ತಾನೆ.