ಕಂಪ್ಯೂಟರ್ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟರು. ಆ ಎರಡರ ಪಕ್ಕದಲ್ಲಿ ಇರಿಸಬೇಕಾದ ಮೂರನೆಯ ಮಾತೊಂದು ಈಚಿನ ವರ್ಷಗಳಲ್ಲಿ ಹುಟ್ಟಿಕೊಂಡಿದೆ: ಕಂಪ್ಯೂಟರ್ ಕಟ್ಟಿ ನೋಡು. ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಪೆಟ್ಟಿಗೆಯನ್ನು ಕೊಂಡು ತರುವುದಕ್ಕೆ ಹಣವಿದ್ದರೆ ಸಾಕು. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ, ತರಿಸಿ, ಜೋಡಿಸಿ ಆಟದ ಕಂಪ್ಯೂಟರೊಂದನ್ನು ನಿಲ್ಲಿಸುವುದಕ್ಕೆ ಹಣದ ಜೊತೆಗೆ ವಿವೇಕವೂ ಬೇಕು. ಹಣ ಕಡಮೆಯಾದಷ್ಟೂ ವಿವೇಕ ಹೆಚ್ಚು ಬೇಕು.

ಕುಂದಾಪುರದಿಂದ ಉಡುಪಿಯ ಕಡೆಗೆ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೊರಟವರಿಗೆ ಕೋಟೇಶ್ವರ, ಕುಂಭಾಶಿಗಳಾದ ಮೇಲೆ ತೆಕ್ಕಟ್ಟೆ ಸಿಗುತ್ತದೆ. ಅಲ್ಲಿಯ ಹಂಚಿನ ಮನೆಯೊಂದರಲ್ಲಿ 2025ರ ಏಪ್ರಿಲ್ ತಿಂಗಳಿಡೀ ಇದೇ ಚರ್ಚೆ. ಮನೆಯ ಯಜಮಾನರು ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಕಸುಬಿನವರು. ಮಗ ಕುಂದಾಪುರದ ಕಾಲೇಜಿನಲ್ಲಿ ಓದುತ್ತಿರುವ ಹತ್ತೊಂಬತ್ತರ ತರುಣ. ಎರಡು ಬೇಸಗೆಗಳ ಕಾಲ ಮದುವೆ ಮನೆಗಳಲ್ಲಿ ಊಟ ಬಡಿಸಿ ಅವನು ಕೂಡಿಟ್ಟದ್ದು 38,000 ರೂಪಾಯಿ. ತಂದೆ ಕೊಡಲೊಪ್ಪಿದ್ದು 22,000. ಒಟ್ಟು ಅರುವತ್ತು ಸಾವಿರ. ಅದರಾಚೆಗೆ ಒಂದು ರೂಪಾಯಿಯೂ ಇಲ್ಲ.

ತಂದೆಯ ಪಾಲಿನ ಹಣವಾದರೂ ಬಂದದ್ದು ಎಲ್ಲಿಂದ? ಪಡುಗಡೆಯ ಮಾಡಿನ ಪಕ್ಕಾಸು, ರೀಪು, ಹಂಚುಗಳನ್ನು ಮಳೆಗಾಲಕ್ಕೆ ಮೊದಲು ಬದಲಿಸಬೇಕೆಂದು ತೆಗೆದಿರಿಸಿದ್ದ ಗಂಟಿನಿಂದ. ಪಕ್ಕಾಸಿನ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಿ, ಈ ವರ್ಷಕ್ಕೆ ರೀಪು ಮತ್ತು ಹಂಚು ಮಾತ್ರ ಎಂದು ಅವರು ತೀರ್ಮಾನಿಸಿದರು. ಗಂಟಿನಲ್ಲಿ ಉಳಿದ ಹಣ ಆ ಸಾಮಾನಿಗೂ ನಾಲ್ಕು ಆಳಿನ ಕೂಲಿಗೂ ಸರಿಹೋಗುವಷ್ಟೇ. ತಾಯಿ ಬೇಡವೆನ್ನಲಿಲ್ಲ. “ಆ ಮಾಡಿನ ಮಳೆ ಈ ಕಂಪ್ಯೂಟರಿನ ಮೇಲೆಯೇ ಸೋರದಿದ್ದರೆ ಸಾಕು” ಎಂದು ಮಾತ್ರ ಹೇಳಿದರು. ಬೇಡವೆನ್ನುವುದಕ್ಕಿಂತ ಭಾರವಾದ ಮಾತು ಅದು.

ಆಟಕ್ಕೆ ಅರುವತ್ತು ಸಾವಿರವೇ ಎಂದು ಹುಬ್ಬೇರಿಸುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ತಮ್ಮ ಯೌವನದಲ್ಲಿ ಮೇಳದ ಆಟವೆಂದರೆ ಮೂರು ಹರದಾರಿ ನಡೆದು, ಬೆಳಗಿನವರೆಗೆ ಕುಳಿತು, ಮರುದಿನ ಗದ್ದೆಯ ಅಂಚಿನಲ್ಲಿ ತೂಕಡಿಸಿದವರೇ. ಆಟದ ಆಸೆ ಹೊಸದಲ್ಲ. ಅದರ ರಂಗಸ್ಥಳ ಮಾತ್ರ ಹೊಸದು. ಆದುದರಿಂದ ಆಟ ಬೇಕೋ ಬೇಡವೋ ಎಂಬ ವಾದಕ್ಕಿಂತ, ಇರುವ ಹಣವನ್ನು ಹೇಗೆ ಹಂಚಬೇಕೆಂಬ ಪ್ರಶ್ನೆಯೇ ಹೆಚ್ಚು ಪ್ರಯೋಜನಕರ.

ಕಂಪ್ಯೂಟರಿನ ಒಳಗೂ ಒಂದು ಮೇಳವೇ ಇದೆ. ಪ್ರೊಸೆಸರ್ ಭಾಗವತನಂತೆ, ಯಾರು ಎಲ್ಲಿ ನಿಲ್ಲಬೇಕು, ಮುಂದೆ ಏನಾಗಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ ನಡೆಸುವುದು ಅದರ ಕೆಲಸ. ಗ್ರಾಫಿಕ್ಸ್ ಕಾರ್ಡ್ ವೇಷಧಾರಿ. ಕಣ್ಣಿಗೆ ಕಾಣುವುದನ್ನೆಲ್ಲ ಬರೆದು ತೋರಿಸುವುದು ಅದೇ. 1920 ಅಡ್ಡ, 1080 ಉದ್ದದ ಸಾಮಾನ್ಯ ಪರದೆಯ ಮೇಲೆ ಸುಮಾರು 20 ಲಕ್ಷ 73 ಸಾವಿರ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ 60 ಸಲ ಚಿತ್ರ ಬದಲಾಗಬೇಕಾದರೆ, ಆ ಒಂದು ಸೆಕೆಂಡಿನಲ್ಲಿ ಸುಮಾರು 12 ಕೋಟಿ 44 ಲಕ್ಷ ಚುಕ್ಕೆಗಳಿಗೆ ಬಣ್ಣ ಕೊಡಬೇಕು. ಈ ದುಡಿಮೆ ಕಾರ್ಡಿನದು. ಭಾಗವತನು ಎಷ್ಟೇ ಸಮರ್ಥನಾಗಿರಲಿ, ವೇಷವೇ ರಂಗಕ್ಕೆ ಬಾರದಿದ್ದರೆ ಪ್ರಸಂಗ ಸಾಗುವುದಿಲ್ಲ; ವೇಷ ಎಷ್ಟೇ ಭರ್ಜರಿಯಾಗಿರಲಿ, ಪದ ಹೇಳುವವನು ತಡವರಿಸಿದರೆ ಕುಣಿತ ನಿಲ್ಲುತ್ತದೆ. ಒಬ್ಬರಿಗೆ ಸಂಭಾವನೆಯನ್ನೆಲ್ಲ ಸುರಿದು ಉಳಿದವರನ್ನು ಉಪವಾಸ ಕೆಡವಿದ ಮೇಳ ಬಹುದಿನ ನಡೆಯದು.

ತರುಣನ ಮೊದಲ ಪಟ್ಟಿಯಲ್ಲಿ ಈ ದೋಷವೇ ಇತ್ತು. ಹೆಸರಿಗೆ ಮರುಳಾಗಿ ದುಬಾರಿಯ ಪ್ರೊಸೆಸರೊಂದನ್ನು ಬರೆದುಕೊಂಡಿದ್ದ. ಕಾರ್ಡಿಗೆ ಹಣ ಉಳಿಯಲಿಲ್ಲ. ಎರಡನೆಯ ಪಟ್ಟಿಯಲ್ಲಿ ಕಾರ್ಡೇ ಅರ್ಧ ಹಣವನ್ನು ನುಂಗಿ, ಮಾನಿಟರ್ ಇಲ್ಲದಂತಾಯಿತು. ನೋಟುಪುಸ್ತಕದ ಏಳನೆಯ ಪುಟದ ಹೊತ್ತಿಗೆ ಲೆಕ್ಕ ಹದಕ್ಕೆ ಬಂತು. 2022ರಲ್ಲಿ ಬಂದ ಆರು ಕೋರುಗಳ ರೈಜೆನ್ 5 5600 ಪ್ರೊಸೆಸರಿಗೆ 9,500, 2021ರ ಅಕ್ಟೋಬರಿನಲ್ಲಿ ಬಂದ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡಿಗೆ 20,500, ಬಿ550 ಮದರ್‌ಬೋರ್ಡಿಗೆ 7,500, 16 ಜಿಬಿ ರ್‍ಯಾಮಿಗೆ 3,000, 500 ಜಿಬಿಯ ಎಸ್‌ಎಸ್‌ಡಿಗೆ 3,000, ಕ್ಯಾಬಿನೆಟ್ ಮತ್ತು ಪವರ್ ಸಪ್ಲೈ ಸೇರಿ 7,000, ಮಾನಿಟರಿಗೆ 8,000, ಕೀಬೋರ್ಡು, ಮೌಸುಗಳಿಗೆ 1,000. ಒಟ್ಟು 59,500. ಕಾರ್ಡಿಗೆ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಪ್ರೊಸೆಸರಿಗೆ ಅದರ ಅರ್ಧಕ್ಕಿಂತ ಕಡಮೆ.

ಎರಡೂ ಮುಖ್ಯಭಾಗಗಳು ಅಂದಿಗೆ ಹೊಸವಲ್ಲ ಎಂಬುದನ್ನು ಗಮನಿಸಬೇಕು. ಆ ಪ್ರೊಸೆಸರ್ ಕೂರುವ ಎಎಂ4 ಎಂಬ ಪೀಠಕ್ಕೆ ಬದಲಾಗಿ 2022ರಲ್ಲಿಯೇ ಎಎಂ5 ಬಂದಿತ್ತು. ಆದರೆ ಹಳೆಯ ಪೀಠದ ಬೋರ್ಡೂ ರ್‍ಯಾಮೂ ಆಗ ಅಗ್ಗ. ಮೇಲಾಗಿ, ಮುಂದೆ ಕೈಯಲ್ಲಿ ಹಣವಾಡಿದಾಗ ಅದೇ ಬೋರ್ಡಿನ ಮೇಲೆ ಎಂಟು ಕೋರುಗಳ ಪ್ರೊಸೆಸರನ್ನು ಕೂರಿಸುವ ಅವಕಾಶವೂ ಉಂಟು. ಪ್ರೊಸೆಸರಿನ ಪೆಟ್ಟಿಗೆಯಲ್ಲಿಯೇ ತಂಪುಗೊಳಿಸುವ ಫ್ಯಾನು ಬರುವುದರಿಂದ ಅದಕ್ಕೆ ಬೇರೆ ಖರ್ಚಿಲ್ಲ. ರ್‍ಯಾಮನ್ನು 16 ಜಿಬಿಯ ಒಂದೇ ತುಂಡಾಗಿ ಕೊಳ್ಳದೆ 8 ಜಿಬಿಯ ಎರಡಾಗಿ ಕೊಂಡರೆ ಬೆಲೆ ಹೆಚ್ಚುಕಡಮೆ ಅಷ್ಟೇ, ಆದರೆ ಮಾಹಿತಿ ಎರಡು ದಾರಿಗಳಲ್ಲಿ ಹರಿದು ಕೆಲಸ ಚುರುಕಾಗುತ್ತದೆ. ವಿಂಡೋಸಿನ ಪರವಾನಗಿಗೆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಬಿಟ್ಟಿಯಾಗಿ ದೊರೆಯುವ ಲಿನಕ್ಸನ್ನು ಹಾಕಿಕೊಳ್ಳುವುದೆಂದು ನಿಶ್ಚಯವಾಯಿತು. ಸ್ಟೀಮ್ ಮಳಿಗೆಯ ಎಷ್ಟೋ ಆಟಗಳು ಅದರಲ್ಲಿ ನಡೆಯುತ್ತವೆ. ಗೆಳೆಯರೆಲ್ಲ ಆಡುವ ವ್ಯಾಲೊರೆಂಟ್ ಮಾತ್ರ ನಡೆಯುವುದಿಲ್ಲ. ಆ ಆಸೆಯನ್ನು ತರುಣ ದೀಪಾವಳಿಯವರೆಗೆ ಮುಂದೂಡಿದ. ಕೈ ಬಿಗಿಯಾಗಿರುವಾಗ ಬೇಡವೆನ್ನುವುದನ್ನು ಕಲಿಯುವುದೇ ಅರ್ಧ ವಿದ್ಯೆ.

ಪಟ್ಟಿ ಮುಗಿಯಿತೆಂದು ಅವನು ತಂದೆಯ ಮುಂದೆ ಪುಸ್ತಕ ಹಿಡಿದ. ಅವರಿಗೆ ಕೋರು, ಜಿಬಿಗಳು ತಿಳಿಯವು. ಕನ್ನಡಕ ಏರಿಸಿ ಕೆಳಗಿನಿಂದ ಮೇಲಕ್ಕೆ ಓದಿ ಒಂದೇ ಪ್ರಶ್ನೆ ಕೇಳಿದರು.

“ಎಲ್ಲ ಸರಿ ಮಗಾ, ಇದಕ್ಕೆಲ್ಲ ಕರೆಂಟು ಕೊಡುವುದು ಯಾವುದು?”

“ಈ ಪವರ್ ಸಪ್ಲೈ, ಅಪ್ಪಯ್ಯ. 1,100 ರೂಪಾಯಿ.”

“ಮತ್ತೆ ಈ 5,900?”

“ಅದು ಕ್ಯಾಬಿನೆಟ್. ಮುಂದೆ ಗಾಜು, ಒಳಗೆ ಬಣ್ಣದ ದೀಪದ ಫ್ಯಾನು.”

ತಂದೆ ಗದರಲಿಲ್ಲ. ಅಟ್ಟದಿಂದ ಸುಟ್ಟುಹೋದ ಮೋಟಾರೊಂದರ ಕಪ್ಪಗಾದ ತಂತಿಯ ಸುರುಳಿಯನ್ನು ಇಳಿಸಿ ಅವನ ಕೈಗಿತ್ತರು. ವೋಲ್ಟೇಜು ಇಳಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆಯುತ್ತದೆ, ತಂತಿ ಬಿಸಿಯೇರುತ್ತದೆ, ಮೇಲಿನ ಲೇಪ ಕರಗುತ್ತದೆ. ಬೇಸಗೆಯ ಸಂಜೆಗಳಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ನಡೆಯುವಾಗ ಅವರ ಬಳಿಗೆ ಬರುವ ಮೋಟಾರುಗಳ ಕಥೆಯೆಲ್ಲ ಇಷ್ಟೇ. ಕಂಪ್ಯೂಟರಿನ ಪವರ್ ಸಪ್ಲೈಯೂ ವೋಲ್ಟೇಜು ಇಳಿದಷ್ಟೂ ಹೆಚ್ಚು ಕರೆಂಟು ಎಳೆಯುವಂಥದೇ. ಅಗ್ಗದ್ದು ಸುಟ್ಟರೆ ತಾನೊಂದೇ ಸುಡುವುದೆಂಬ ಭರವಸೆಯಿಲ್ಲ. ಇಪ್ಪತ್ತು ಸಾವಿರದ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಅಂದು ರಾತ್ರಿ ತಂದೆಮಕ್ಕಳು ಕುಳಿತು ಲೆಕ್ಕ ಹಾಕಿದರು. ಕಾರ್ಡಿಗೆ 132 ವಾಟ್, ಪ್ರೊಸೆಸರಿಗೆ 65, ಉಳಿದವಕ್ಕೆಲ್ಲ ಸೇರಿ ಸುಮಾರು 50. ಎಲ್ಲ ಕೂಡಿ 250ರ ಆಸುಪಾಸು. ಕಾರ್ಡು ಕ್ಷಣಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದೂ ಉಂಟಾದುದರಿಂದ ಅದರ ತಯಾರಕರ ಶಿಫಾರಸು 450 ವಾಟ್. ತುಸು ಉಸಿರಾಡಲು ಎಡೆಯಿರಲೆಂದು 550 ವಾಟಿನ, ‘80 ಪ್ಲಸ್ ಬ್ರಾಂಜ್’ ಗುರುತಿನ ಪವರ್ ಸಪ್ಲೈ ಪಟ್ಟಿಗೆ ಬಂತು. ಅರ್ಧ ಭಾರದಲ್ಲಿ ನಡೆಯುವಾಗ ಅದು ಎಳೆದ ವಿದ್ಯುತ್ತಿನ ಶೇಕಡ 85ರಷ್ಟನ್ನು ಉಪಯೋಗಕ್ಕೆ ಒದಗಿಸುತ್ತದೆ ಎಂಬುದು ಆ ಗುರುತಿನ ಅರ್ಥ. ದಕ್ಷತೆಯ ಗುರುತೇ ರಕ್ಷಣೆಯ ಗುರುತಲ್ಲವಾದುದರಿಂದ, ವೋಲ್ಟೇಜಿನ ಏರುಪೇರಿಗೂ ಶಾರ್ಟ್ ಸರ್ಕ್ಯೂಟಿಗೂ ಒಳಗೆ ತಡೆಯಿದೆಯೇ ಎಂಬುದನ್ನೂ ಓದಿ ನೋಡಿದರು. ಅದರ ಬೆಲೆ 4,200. ಗಾಜೂ ದೀಪವೂ ಇಲ್ಲದ, ಗಾಳಿಯಾಡುವ ಸಾದಾ ಕ್ಯಾಬಿನೆಟ್ಟಿಗೆ 2,800. ಕೂಡಿದರೆ ಅದೇ 7,000! ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ; ಹಣ ಬೆಳಕಿನಿಂದ ಬಲಕ್ಕೆ ಸರಿಯಿತು, ಅಷ್ಟೇ.

ಆದರೆ ತಂದೆಯ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಕರೆಂಟು ಫಕ್ಕನೆ ಹೋದರೆ ಏನು ಗತಿ? ಯುಪಿಎಸ್ ಬೇಕು. 600 ವಿಎ ಎಂದು ಬರೆದ ಯುಪಿಎಸ್ 600 ವಾಟ್ ಕೊಡುವುದಿಲ್ಲ, ಸಾಮಾನ್ಯವಾಗಿ ಕೊಡುವುದು 360 ಎಂಬುದನ್ನು ವಿವರಿಸಿದವರೂ ಅವರೇ. ಮಾನಿಟರನ್ನೂ ಸೇರಿಸಿದರೆ ಅದು ತೀರ ಅಂಚಿಗೆ ಬರುತ್ತದೆ. 1000 ವಿಎ ಆದರೆ ನಿಶ್ಚಿಂತೆ. ಬೆಲೆ 4,900. ಕೈಯಲ್ಲಿ ಉಳಿದಿರುವುದು 500!

ಉಪಾಯ ಸೂಚಿಸಿದವರು ತಾಯಿ. ಹಂಚು ಹೊದೆಸಲು ಗೊತ್ತು ಮಾಡಿದ ನಾಲ್ಕು ಆಳಿನ ಕೂಲಿ ತಲೆಗೆ 1,100ರಂತೆ 4,400. ಆ ಕೆಲಸವನ್ನು ಮನೆಯವರೇ ಮಾಡಬಾರದೇಕೆ? ಮೇ ತಿಂಗಳ ಎರಡನೆಯ ವಾರ ತಂದೆಯೂ ಮಗನೂ ಮಾಡು ಹತ್ತಿದರು. ನಾಲ್ಕು ದಿನ ಉರಿಬಿಸಿಲಲ್ಲಿ ಹಂಚು ಇಳಿಸಿ, ರೀಪು ಬಡಿದು, ಮತ್ತೆ ಸಾಲು ಹಿಡಿದು ಹೊದೆಸಿದರು. ಮಗನ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಯುಪಿಎಸ್ಸಿನ ಹಣ ಅಲ್ಲಿ ಹುಟ್ಟಿತು. ಅರ್ತಿಂಗಿಗೆ ಮಾತ್ರ ಖರ್ಚೇ ಆಗಲಿಲ್ಲ. ಕರಾವಳಿಯ ಮರಳು ನೆಲ ಬೇಸಗೆಯಲ್ಲಿ ಒಣಗಿದರೆ ವಿದ್ಯುತ್ತನ್ನು ಸರಿಯಾಗಿ ಇಳಿಸಿಕೊಳ್ಳುವುದಿಲ್ಲ. ಆದುದರಿಂದ ಹಳೆಯ ಗುಂಡಿಯನ್ನು ಅಗೆದು, ಇದ್ದಿಲು, ಉಪ್ಪು ತುಂಬಿ, ಬಚ್ಚಲ ನೀರು ಆ ಕಡೆಗೆ ಹರಿಯುವಂತೆ ಮಾಡಿದರು. ಗುಡುಗು ಕೇಳಿದೊಡನೆ ಪ್ಲಗ್ಗನ್ನೇ ಕಿತ್ತಿಡಬೇಕು, ಇಂಟರ್‌ನೆಟ್ಟಿನ ಪೆಟ್ಟಿಗೆಯದನ್ನೂ ಸೇರಿಸಿ, ಎಂಬ ಕಟ್ಟಳೆಯೂ ಆಯಿತು. ಸಿಡಿಲನ್ನು ತಡೆಯುವ ಯುಪಿಎಸ್ ಇನ್ನೂ ಹುಟ್ಟಿಲ್ಲ.

ಸಾಮಾನು ಬಂದದ್ದು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಿಂದ. ಎಸ್.ಪಿ. ರೋಡ್ ಎಂದರೆ ಎಲ್ಲರಿಗೂ ತಿಳಿದೀತು. ಅಲ್ಲಿಯ ಹೋಟೆಲೊಂದರಲ್ಲಿ ಕೆಲಸಕ್ಕಿರುವ ಸೋದರಮಾವ ಬಿಡುವಿನ ದಿನ ಐದು ಅಂಗಡಿ ತಿರುಗಿ ಬೆಲೆ ಕೇಳಿದರು. ಇನ್ನೂ ಶಕ್ತಿಯುತವಾದ ಹಳೆಯ ಕಾರ್ಡೊಂದು ಕಡಮೆ ಬೆಲೆಗೆ ಸಿಗುತ್ತದೆಂದು ಒಂದೆಡೆ ಆಸೆ ತೋರಿಸಿದರು. ಈಥೀರಿಯಮ್ ಎಂಬ ಅಂಕೀಯ ನಾಣ್ಯದ ಗಣಿಗಾರಿಕೆಗೆಂದು ಹಗಲಿರುಳು ದುಡಿದ ಎಷ್ಟೋ ಕಾರ್ಡುಗಳು, 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿಯೇ ನಿಂತಮೇಲೆ, ಹಳೆಯ ಸಾಮಾನಿನ ಪೇಟೆಗೆ ಬಂದು ಬಿದ್ದಿದ್ದವು. ಎಲ್ಲವೂ ಕೆಟ್ಟವೆನ್ನಲಾಗದು, ಆದರೆ ಬಿಲ್ಲೂ ಇಲ್ಲ, ವಾರಂಟಿಯೂ ಇಲ್ಲ. ಉಳ್ಳವನು ಅಂಥ ಜೂಜಾಡಬಹುದು. ಮಾಡಿನ ಹಣ ತಂದವನು ಆಡಲಾಗದು. ಶೇಕಡ 18ರ ಜಿಎಸ್‌ಟಿ ತೆತ್ತು, ಪ್ರತಿಯೊಂದಕ್ಕೂ ಬಿಲ್ಲು ಬರೆಸಿ, ಪೆಟ್ಟಿಗೆಗಳನ್ನು ಹೊತ್ತು ಮಾವ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಮೂಡ್ಲಕಟ್ಟೆಯ ನಿಲ್ದಾಣಕ್ಕೆ ಬಂದಿಳಿದರು.

ಜೋಡಣೆಗೆ ಒಂದು ಇಡೀ ಭಾನುವಾರ ಹಿಡಿಯಿತು. ಗುಂಡಿ ಒತ್ತಿದಾಗ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ತರುಣನ ಮುಖ ಬಾಡಿತು. ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅರುವತ್ತು ಸಾವಿರ ಮೇಜಿನ ಮೇಲೆ ಮೌನವಾಗಿ ತಿರುಗುತ್ತಿತ್ತು. ತಂದೆ ಬಂದು, ಮೋಟಾರಿನ ಮುಂದೆ ಕುಳಿತಂತೆಯೇ ಕುಳಿತು, ಮಾನಿಟರಿನ ತಂತಿಯನ್ನು ಬೆರಳಿನಿಂದ ಹಿಡಿದು ಕೊನೆಯವರೆಗೆ ಹೋದರು. “ಚಿತ್ರ ಬರೆಯುವುದು ಕಾರ್ಡು ಎಂದೆಯಲ್ಲ? ಈ ತಂತಿ ಕಾರ್ಡಿಗೆ ಹೋಗಿಲ್ಲ.” ಅದು ಮದರ್‌ಬೋರ್ಡಿನ ಕಿಂಡಿಯಲ್ಲಿತ್ತು. ಆ ಪ್ರೊಸೆಸರಿನಲ್ಲಿ ಚಿತ್ರ ಬರೆಯುವ ಭಾಗವೇ ಇಲ್ಲವಾದುದರಿಂದ ಅಲ್ಲಿಂದ ಏನೂ ಬರುವಂತಿರಲಿಲ್ಲ. ತಂತಿ ಬದಲಿಸಿದೊಡನೆ ಪರದೆ ಬೆಳಗಿತು.

ಆ ವರ್ಷ ಮುಂಗಾರು ಜೂನ್ 1ರ ವಾಡಿಕೆಯನ್ನು ಕಾಯಲಿಲ್ಲ. ಮೇ 24ರಂದೇ ಕೇರಳಕ್ಕೆ ಕಾಲಿಟ್ಟು, ಒಂದೆರಡು ದಿನಗಳಲ್ಲಿ ಕುಂದಾಪುರದ ಕಡಲತೀರವನ್ನೂ ಹೊಡೆಯಿತು. ತಂದೆಮಕ್ಕಳು ಹೊದೆಸಿದ ಹಂಚು ಸೋರಲಿಲ್ಲ. ವರ್ಷದ ಕೊನೆಗೆ ಕೃತಕ ಬುದ್ಧಿಮತ್ತೆಯ ದೊಡ್ಡ ಡೇಟಾ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನೆಲ್ಲ ಕೊಳ್ಳತೊಡಗಿದ್ದರಿಂದ ರ್‍ಯಾಮಿನ ಬೆಲೆ ಇಮ್ಮಡಿಗೂ ಮಿಗಿಲಾಗಿ ಏರಿತು. 3,000ಕ್ಕೆ ತಂದದ್ದು ಆ ಬೆಲೆಗೆ ಮತ್ತೆ ಸಿಗದಂತಾಯಿತು. ಆದುದರಿಂದ ಆ ಪಟ್ಟಿಯನ್ನು ಈಗ ಯಾರಾದರೂ ನಕಲು ಮಾಡಿದರೆ ಫಲವಿಲ್ಲ. ಬೆಲೆಗಳು ಮೀನಿನಂತೆ, ಇಂದಿನವು ನಾಳೆಗೆ ಬಾರವು.

ಬಾಳುವುದು ಹಂಚಿಕೆಯ ಕ್ರಮ ಮಾತ್ರ. ಆಟಕ್ಕೆ ಬೇಕಾದ ಭಾಗಕ್ಕೆ ಮೊದಲ ಪಾಲು, ಅದನ್ನು ನಡೆಸುವ ಭಾಗಕ್ಕೆ ಎರಡನೆಯದು, ಕಣ್ಣಿಗೆ ಕಾಣದೆ ಎಲ್ಲವನ್ನೂ ಕಾಯುವ ಭಾಗಕ್ಕೆ ಎಂದೂ ಕತ್ತರಿಸಬಾರದ ಪಾಲು, ಹೊಳಪಿಗೆ ಉಳಿದರೆ ಉಳಿದಷ್ಟು. ಪಂಪು ಕೊಳ್ಳುವವರಿಗೂ ಮಾಡು ಹೊದೆಸುವವರಿಗೂ ತೆಕ್ಕಟ್ಟೆಯ ಆ ತಂದೆ ಇದನ್ನೇ ಹೇಳುತ್ತ ಬಂದಿದ್ದರು. ಮಗನಿಗೆ ಅದು ಗಾಜಿನ ಕ್ಯಾಬಿನೆಟ್ಟೊಂದನ್ನು ಬಿಟ್ಟುಕೊಟ್ಟ ದಿನ ಅರ್ಥವಾಯಿತು.